ಏಳಕ್ಕೆ ಇಳಿಯುವವರೆಗೆ

2023ರ ಜುಲೈ. ನಟ್ಟಿ ಮುಗಿಯಲು ಇನ್ನೆರಡು ಗದ್ದೆ ಬಾಕಿ ಇತ್ತು. ನಮ್ಮ ಮನೆಯವರಿಗೆ ಜ್ವರ ಬಂತು. ಮೀನಖಂಡ ವಿಪರೀತ ನೋವು ಎನ್ನುತ್ತಿದ್ದರು. ದಿನವಿಡೀ ಕೆಸರಲ್ಲಿ ನಿಂತದ್ದಕ್ಕೆ ಅಂದುಕೊಂಡೆವು. ಕಣ್ಣು ಕೆಂಪಾಗಿತ್ತು. ಮೂರು ದಿನ ಜ್ವರದ ಮಾತ್ರೆ ನುಂಗಿ ಮಲಗಿದರು. ನಾಲ್ಕನೇ ದಿನ ಕಣ್ಣು ಹಳದಿಯಾಯಿತು, ಮೂತ್ರ ಕಡಿಮೆಯಾಯಿತು. ತೀರ್ಥಹಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪ್ಲೇಟ್‌ಲೆಟ್ 22 ಸಾವಿರ. ಇಲಿ ಜ್ವರ ಇರಬಹುದು, ತಡ ಮಾಡದೆ ಕೆಳಗೆ ಕರೆದುಕೊಂಡು ಹೋಗಿ ಎಂದರು. ನಮ್ಮ ಕಡೆ ಕೆಳಗೆ ಎಂದರೆ ಘಟ್ಟದ ಕೆಳಗೆ.

ಆಂಬುಲೆನ್ಸ್ ಆಗುಂಬೆ ಘಾಟಿಯಲ್ಲಿ ನಿಧಾನಕ್ಕೆ ಇಳಿಯುತ್ತಿತ್ತು. ಮಳೆ, ಮಂಜು. ಅರ್ಧ ಇಳಿದಾಗ ಅವರು ಕೆಮ್ಮಿದರು. ಟವೆಲ್ಲಿನಲ್ಲಿ ರಕ್ತ ಬಿತ್ತು. ಅವರೂ ನೋಡಿದರು, ನಾನೂ ನೋಡಿದೆ. ಇಬ್ಬರೂ ಏನೂ ಹೇಳಲಿಲ್ಲ. ನಾನು ಟವೆಲ್ ಮಡಚಿ ಇನ್ನೊಂದು ಮಗ್ಗುಲು ಕೊಟ್ಟೆ.

ಆ ರಾತ್ರಿಯೇ ವೆಂಟಿಲೇಟರ್ ಹಾಕಿದರು. ಮರುದಿನ ಡಯಾಲಿಸಿಸ್ ಶುರುವಾಯಿತು. ಮೂರನೇ ದಿನ ವೆಂಟಿಲೇಟರಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೂ ಸಾಲುತ್ತಿರಲಿಲ್ಲ. ಶ್ವಾಸಕೋಶದ ಒಳಗೇ ರಕ್ತ ಸೋರಿ, ಗಾಳಿ ತುಂಬಬೇಕಾದ ಜಾಗದಲ್ಲಿ ರಕ್ತ ತುಂಬಿದೆ ಎಂದು ಡಾಕ್ಟರು ಹೇಳಿದರು. ಎಕ್ಮೋ ಎಂಬ ಯಂತ್ರ ಇದೆ. ಮೈಯ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಸೇರಿಸಿ ವಾಪಸ್ ಒಳಗೆ ಬಿಡುತ್ತದೆ. ಅದು ಕಾಯಿಲೆ ವಾಸಿ ಮಾಡುವುದಿಲ್ಲ. ಶ್ವಾಸಕೋಶ ಸುಧಾರಿಸಿಕೊಳ್ಳುವ ತನಕ ಜೀವ ಹಿಡಿದಿಡುತ್ತದೆ, ಅಷ್ಟೇ. ಉಳಿಯುತ್ತಾರೆ ಎಂದು ಮಾತು ಕೊಡಲಾರೆ ಎಂದರು. ಕಾಗದಗಳಿಗೆ ಸಹಿ ಹಾಕಿದೆ. ಏನು ಬರೆದಿತ್ತು ಎಂದು ಓದಲಿಲ್ಲ. ನಾನು ಟೀಚರು. ಓದದೆ ಸಹಿ ಹಾಕಬೇಡಿ ಎಂದು ಮಕ್ಕಳಿಗೆ ಹೇಳುವವಳು.

ಕೊಳವೆ ಹಾಕುವ ಮೊದಲು ಪ್ಲೇಟ್‌ಲೆಟ್ ಏರಿಸಬೇಕಿತ್ತು. ರಕ್ತ ಹೊಂದಿಸಿ ಎಂದರು. ಅವರದು ಬಿ ಪಾಸಿಟಿವ್. ಮೈದುನ ಊರಿಗೆ ಫೋನ್ ಮಾಡಿದ. ಬೆಳಗಾಗುವುದರೊಳಗೆ ಯುವಕ ಸಂಘದ ಎಂಟು ಹುಡುಗರು ಎರಡು ಓಮ್ನಿಯಲ್ಲಿ ಬಂದರು. ನಟ್ಟಿಯ ಕಾಲದಲ್ಲಿ ಒಂದು ದಿನ ಬಿಟ್ಟು ಬರುವುದೆಂದರೆ ಏನು ಎಂದು ನನಗೆ ಗೊತ್ತು. ಅವರಲ್ಲಿ ಮೂವರನ್ನು ವಾಪಸ್ ಕಳಿಸಿದರು. ಒಬ್ಬನ ಕೈಯಲ್ಲಿ ಹೊಸ ಹಚ್ಚೆ ಇತ್ತು. ಒಬ್ಬ ರಾತ್ರಿ ಕುಡಿದಿದ್ದ. ಮೂರನೆಯವನು ರಕ್ತ ಕೊಟ್ಟು ತೊಂಬತ್ತು ದಿನ ಆಗಿರಲಿಲ್ಲ.

ನಾನೂ ಕೈ ಚಾಚಿದೆ. ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿದರು. 10.6. ಕೊಡಲು 12.5 ಬೇಕು. "ನಿಮಗೇ ರಕ್ತ ಇಲ್ಲ ಮೇಡಂ" ಎಂದಳು ಹುಡುಗಿ. ಮೈದುನನ ರಕ್ತ ತೆಗೆದುಕೊಂಡರು, ಆದರೆ ಅದು ಅವನ ಅಣ್ಣನಿಗೆ ಹೋಗುವುದಿಲ್ಲ ಎಂದರು. ಒಡಹುಟ್ಟಿದವರ ರಕ್ತದ ಬಿಳಿ ಕಣಗಳು ರೋಗಿಯ ಮೈಯಲ್ಲಿ ಬೇರೂರಿ ಅವನನ್ನೇ ತಿನ್ನುವುದುಂಟಂತೆ. ಅಪರೂಪ, ಆದರೆ ಹಾಗೇನಾದರೂ ಆದರೆ ಉಳಿಯುವುದು ಕಷ್ಟ. ಹಾಗಾಗಿ ಅದು ಬ್ಲಡ್ ಬ್ಯಾಂಕಿಗೆ, ಬ್ಯಾಂಕಿನಿಂದ ಬೇರೆ ಯಾರದೋ ಇವರಿಗೆ. ಅವನಿಗೆ ಅದು ಬೇಜಾರಾಯಿತು. ತಾನು ಕೊಟ್ಟದ್ದು ಅಣ್ಣನೊಳಗೆ ಹರಿಯುತ್ತದೆ ಎಂದುಕೊಂಡಿದ್ದ.

ಒಬ್ಬ ಹುಡುಗ ಪ್ಲೇಟ್‌ಲೆಟ್ ಮಾತ್ರ ಕೊಟ್ಟ. ರಕ್ತ ಯಂತ್ರಕ್ಕೆ ಹೋಗಿ, ಪ್ಲೇಟ್‌ಲೆಟ್ ಅಲ್ಲಿ ಉಳಿದು, ಮಿಕ್ಕದ್ದು ಅವನ ಮೈಗೇ ವಾಪಸ್ ಬರುತ್ತದೆ. ಒಂದೂವರೆ ಗಂಟೆ ಅಲ್ಲಾಡದೆ ಕೂತ. ನಡುವೆ ತುಟಿ ಜುಮುಜುಮು ಎನ್ನುತ್ತದೆ ಎಂದ. ಕ್ಯಾಲ್ಸಿಯಂ ಮಾತ್ರೆ ಕೊಟ್ಟರು. ಎದ್ದವನೇ "ಅಕ್ಕ, ಇನ್ನೂ ಬೇಕಾದ್ರೆ ಇಲ್ಲೇ ಇರ್ತೀನಿ" ಎಂದ. ಏಳನೇ ತರಗತಿಯಲ್ಲಿ ಲೆಕ್ಕಕ್ಕೆ ನನ್ನ ಕೈಲಿ ಏಟು ತಿಂದವನು.

ಎಕ್ಮೋ ಹಾಕಿದ ಮೇಲೆ ದಿನಕ್ಕೆ ಐದು ನಿಮಿಷ ಒಳಗೆ ಬಿಡುತ್ತಿದ್ದರು. ತೊಡೆಯ ಸಂದಿಯಿಂದ ಕಿರುಬೆರಳು ದಪ್ಪದ ಕೊಳವೆ ಹೊರಗೆ ಬರುತ್ತಿತ್ತು. ಅದರಲ್ಲಿ ರಕ್ತ ನೇರಳೆ ಹಣ್ಣಿನ ಬಣ್ಣ. ಕುತ್ತಿಗೆಗೆ ಹೋಗುವ ಕೊಳವೆಯಲ್ಲಿ ಅದೇ ರಕ್ತ ಕೆಂಪು. ನಾನು ಅವರ ಮುಖ ನೋಡುತ್ತಿರಲಿಲ್ಲ. ಮುಖ ಊದಿತ್ತು, ಗುರುತು ಸಿಗುತ್ತಿರಲಿಲ್ಲ. ಆ ಎರಡು ಬಣ್ಣ ಬೇರೆ ಬೇರೆ ಇವೆಯೇ ಎಂದಷ್ಟೇ ನೋಡಿ ಹೊರಗೆ ಬರುತ್ತಿದ್ದೆ.

ಹಿಮೋಗ್ಲೋಬಿನ್ 10.1 ಇದ್ದದ್ದು ಯಂತ್ರ ಹಾಕಿದ ದಿನವೇ 8.3 ಆಯಿತು. ಕೊಳವೆಗಳಲ್ಲಿ ಮೊದಲೇ ತುಂಬಿದ್ದ ಸಲೈನ್ ರಕ್ತದೊಂದಿಗೆ ಬೆರೆಯುತ್ತದೆ, ಅದಕ್ಕೆ. ಆಮೇಲೆ 7.9. ಮೂರನೇ ದಿನ 7.4. ಪಂಪಿನಲ್ಲಿ ತಿರುಗುವಾಗ ಕೆಂಪು ಕಣಗಳು ಒಡೆಯುತ್ತವೆ. ಪರೀಕ್ಷೆಗೆ ದಿನಕ್ಕೆ ಹಲವು ಸಲ ತೆಗೆಯುತ್ತಾರೆ. ಶ್ವಾಸಕೋಶದಲ್ಲಿ ಸೋರುವುದು ಪೂರ್ತಿ ನಿಂತಿರಲಿಲ್ಲ. ನಮ್ಮ ಹೆಸರಿನಲ್ಲಿ ಎರಡು ಚೀಲ ಹೊಂದಾಣಿಕೆ ನೋಡಿ ಎತ್ತಿಟ್ಟಿದ್ದರು. ಡಾಕ್ಟರು ಕೊಡಲಿಲ್ಲ.

ಮೈದುನನಿಗೆ ಸಿಟ್ಟು ಬಂತು. "ಅತ್ತಿಗೆ, ನಮ್ಮ ಹುಡುಗರು ಕೊಟ್ಟು ಹೋಗಿದ್ದಾರೆ, ಫ್ರಿಜ್ಜಿನಲ್ಲಿ ಇಟ್ಟುಕೊಂಡು ಏನು ಮಾಡ್ತಾರೆ?" ಎಂದ. ನನಗೂ ಹಾಗೇ ಅನ್ನಿಸಿತ್ತು. ಎರಡು ಬಾಟಲಿ ರಕ್ತ ಏರಿಸಿದರೆ ಮನುಷ್ಯ ಎದ್ದು ಕೂರುತ್ತಾನೆ ಎಂದು ಕೇಳಿ ಬೆಳೆದವರು ನಾವು. ಡಾಕ್ಟರ ಹತ್ತಿರ ಜೋರಾಗಿಯೇ ಕೇಳಿದೆ.

ಅವರು ರೇಗಲಿಲ್ಲ. ಕಾರಿಡಾರಿನ ಕುರ್ಚಿಯಲ್ಲಿ ಕೂರಿಸಿ ಹೇಳಿದರು. ಒಂದು ಚೀಲ ಹಾಕಿದರೆ ಹೆಚ್ಚುಕಡಿಮೆ ಒಂದು ಗ್ರಾಂ ಏರುತ್ತದೆ. ಆದರೆ ಜೊತೆಗೆ ನೀರಿನಂಶವೂ ಹೋಗುತ್ತದೆ, ಕಿಡ್ನಿ ಅದನ್ನು ಹೊರಗೆ ಹಾಕುತ್ತಿಲ್ಲ. ಬೇರೆಯವರ ರಕ್ತದಿಂದಲೇ ಶ್ವಾಸಕೋಶಕ್ಕೆ ಏಟು ಬೀಳುವುದೂ ಉಂಟು. ಇವರಿಗೆ ಏಟು ಬಿದ್ದಿರುವುದೇ ಅಲ್ಲಿ. ಹಿಂದೆ ಐಸಿಯುಗಳಲ್ಲಿ ಹತ್ತಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿರಲಿಲ್ಲ. 1999ರಲ್ಲಿ ಕೆನಡಾದಲ್ಲಿ 838 ರೋಗಿಗಳ ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಹತ್ತಕ್ಕಿಂತ ಇಳಿದಾಗ, ಉಳಿದರ್ಧ ಜನರಿಗೆ ಏಳಕ್ಕಿಂತ ಇಳಿದಾಗ ಮಾತ್ರ ರಕ್ತ. ಏಳರ ತನಕ ಕಾದವರ ಸ್ಥಿತಿ ಕೆಟ್ಟಿರಲಿಲ್ಲ. ಎಕ್ಮೋದಲ್ಲಿ ಇರುವವರಿಗೆ ಎಷ್ಟಿರಬೇಕು ಎಂಬುದರಲ್ಲಿ ಈಗಲೂ ಎಲ್ಲರದ್ದೂ ಒಂದೇ ಮಾತಿಲ್ಲ ಎಂದೂ ಹೇಳಿದರು. "ಲ್ಯಾಕ್ಟೇಟ್ ಏರಿಲ್ಲ ಅಮ್ಮ. ಇರುವ ರಕ್ತ ಮೈಗೆ ಸಾಲ್ತಾ ಇದೆ. ಏಳಕ್ಕಿಂತ ಕೆಳಗೆ ಹೋದರೆ ನಾನೇ ಕೊಡ್ತೇನೆ."

ಅರ್ಥವಾಯಿತು. ಭಯ ಹೋಗಲಿಲ್ಲ. ಅಂದಿನಿಂದ ನಾನು ಆ ಒಂದು ಅಂಕಿಗೆ ಕಾಯತೊಡಗಿದೆ. ಬೆಳಿಗ್ಗೆ 7.3. ಸಂಜೆ 7.2.

ಒಬ್ಬ ಸಿಸ್ಟರ್ ಇದ್ದಳು. ಪರೀಕ್ಷೆಗೆ ರಕ್ತ ತೆಗೆಯಲು ಮಕ್ಕಳ ವಾರ್ಡಿನಿಂದ ಸಣ್ಣ ಟ್ಯೂಬ್ ತರಿಸುತ್ತಿದ್ದಳು. ದೊಡ್ಡದರಲ್ಲಿ ತೆಗೆದರೆ ಸುಮ್ಮನೆ ನಷ್ಟ ಎಂದಳು. ಅವಳು ಮಾಡಿದ್ದು ಅಷ್ಟೇ. ನನಗೆ ಆಗ ಅದು ಬಹಳ ದೊಡ್ಡದಾಗಿ ಕಂಡಿತು.

ಐದನೇ ರಾತ್ರಿ ಎರಡು ಗಂಟೆಗೆ ಕರೆದರು. 6.8. ರಕ್ತ ಕೊಡುತ್ತಿದ್ದೇವೆ ಎಂದರು. ಬಾಗಿಲ ಬಳಿ ನಿಲ್ಲಲು ಬಿಟ್ಟರು. ಇಬ್ಬರು ಸಿಸ್ಟರುಗಳು ಹಾಸಿಗೆಯ ಆಚೆ ಈಚೆ ನಿಂತರು. ಒಬ್ಬಳು ಚೀಲದ ಮೇಲಿನ ನಂಬರು ಗಟ್ಟಿಯಾಗಿ ಓದಿದಳು. ಇನ್ನೊಬ್ಬಳು ಕಾಗದ ನೋಡಿ ಹೂಂ ಎಂದಳು. ಹೆಸರು, ಗುಂಪು, ಮುಗಿಯುವ ದಿನಾಂಕ. ಕೈಪಟ್ಟಿ ತಿರುಗಿಸಿ ಮತ್ತೊಮ್ಮೆ ಹೆಸರು. ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಮೊದಲ ಹದಿನೈದು ನಿಮಿಷ ಹನಿ ಹನಿಯಾಗಿ ಬಿಟ್ಟು ಒಬ್ಬಳು ಪಕ್ಕದಲ್ಲೇ ನಿಂತಳು. ನಾನೂ ನಿಂತೆ. ಬೆಳಿಗ್ಗೆ 7.7.

ಐಸಿಯು ಹೊರಗೆ ನನ್ನ ಪಕ್ಕದ ಚಾಪೆಯಲ್ಲಿ ಬೈಂದೂರು ಕಡೆಯ ಒಬ್ಬರು ಇದ್ದರು. ಅವರ ಮಗನಿಗೆ ಬೈಕ್ ಅಪಘಾತ. ಅವನಿಗೆ ಚೀಲದ ಮೇಲೆ ಚೀಲ ರಕ್ತ ಹೋಗುತ್ತಿತ್ತು. ಸುರಿದು ಹೋಗುತ್ತಿರುವವರಿಗೆ ಈ ಏಳರ ಲೆಕ್ಕ ಇಲ್ಲ. ಅವನು ಉಳಿಯಲಿಲ್ಲ. ಹೊರಡುವಾಗ ಅವರು ತಮ್ಮ ಫ್ಲಾಸ್ಕ್ ನನಗೆ ಕೊಟ್ಟರು. "ನಿಮಗೆ ಇನ್ನೂ ಬೇಕಾಗ್ತದೆ" ಎಂದರು. ಅವರ ಹೆಸರು ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ.

ಒಂಬತ್ತನೇ ದಿನ ಎಕ್ಮೋ ತೆಗೆದರು. ಅದಾಗಿ ನಾಲ್ಕು ದಿನಕ್ಕೆ ವೆಂಟಿಲೇಟರ್. ಡಯಾಲಿಸಿಸ್ ಇನ್ನೂ ಹತ್ತು ದಿನ ನಡೆಯಿತು. ಮಾತು ಬಂದ ಮೇಲೆ ಅವರು ಮೊದಲು ಕೇಳಿದ್ದು ಉಳಿದ ಎರಡು ಗದ್ದೆ ನಟ್ಟಿ ಆಯಿತೇ ಎಂದು. ಆಗಿತ್ತು. ಹುಡುಗರೇ ಮಾಡಿದ್ದರು.

ಬಿಲ್ಲಿನಲ್ಲಿ ಲೆಕ್ಕ ಹಾಕಿದೆ. ಕೆಂಪು ಕಣದ ಚೀಲ ನಾಲ್ಕು, ಪ್ಲೇಟ್‌ಲೆಟ್ ಮೂರು, ಪ್ಲಾಸ್ಮಾ ಎರಡು. ಕೊನೆಗೆ ನಮ್ಮ ಹೆಸರಿನಲ್ಲಿ ಎತ್ತಿಟ್ಟಿದ್ದ ಇನ್ನೊಂದು ಚೀಲವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಅಡಿಕೆಯ ದುಡ್ಡು ಹೋಯಿತು, ನನ್ನ ಸರ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಮನೆಗೆ ಬಂದಾಗ ಅವರ ಹಿಮೋಗ್ಲೋಬಿನ್ 8.1. ಮೆಟ್ಟಿಲು ಹತ್ತಿದರೆ ಏದುಸಿರು. ಅದು ಸರಿಹೋಗಲು ದೀಪಾವಳಿ ಕಳೆಯಬೇಕಾಯಿತು.

ನಾನು ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ತಿಂಗಳು ನಮ್ಮ ಶಾಲೆಯಲ್ಲೇ ರಕ್ತದಾನ ಶಿಬಿರ ಇತ್ತು. ಸಾಲಿನಲ್ಲಿ ಮೊದಲು ನಿಂತೆ. 11.9 ಬಂತು. ಬಿಸ್ಕತ್ತು, ಟೀ ಕೊಟ್ಟು ಕಳಿಸಿದರು.