ಹಳೇ ಪಟ್ಟಿ ಯಾರ ಹತ್ರ ಇದೆ?

ಕಳೆದ ವರ್ಷ ಒಂದು ಶುಕ್ರವಾರ ಸಂಜೆ. ತಿಂಗಳ ಕೊನೆ. ಬ್ಯಾಗ್ ಹೆಗಲಿಗೇರಿಸಿ ಲಿಫ್ಟ್ ಹತ್ತಿರ ನಿಂತಿದ್ದೆ, ಅಕೌಂಟ್ಸ್‌ನವರ ಫೋನ್ ಬಂತು. "ಈ ತಿಂಗಳ ಮೊದಲ ಹದಿನೇಳು ದಿನದ ಟ್ರಿಪ್ಪೇ ಬರ್ತಿಲ್ಲ ರೀ. ಡ್ರೈವರ್‌ಗಳ ಪೇಮೆಂಟ್ ಶೀಟ್ ಹೇಗೆ ಮಾಡ್ಲಿ? ಸೋಮವಾರ ದುಡ್ಡು ಹೋಗ್ಬೇಕು."

ವಾಪಸ್ ಬಂದು ಲ್ಯಾಪ್‌ಟಾಪ್ ತೆರೆದೆ. ಪರದೆ ತುಂಬ ಒಂದೇ ಸಾಲು, ಸಾವಿರಾರು ಸಲ: ಡಿಕ್ಷನರಿ ಮಿಸ್‌ಮ್ಯಾಚ್. ಅದನ್ನು ಓದಿದ ಕ್ಷಣವೇ ನಾನು ಏನು ಮಾಡಿಟ್ಟಿದ್ದೇನೆ ಅಂತ ಗೊತ್ತಾಯ್ತು. ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯ್ತು.

ನಮ್ಮದು ಸರಕು ಸಾಗಿಸುವ ಗಾಡಿಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ. ಪ್ರತಿ ಗಾಡಿ ಅರ್ಧ ನಿಮಿಷಕ್ಕೊಮ್ಮೆ ಒಂದು ಸಂದೇಶ ಕಳಿಸುತ್ತೆ: ಗಾಡಿ ನಂಬರ್, ಎಲ್ಲಿದೆ, ಎಷ್ಟು ವೇಗ, ಎಷ್ಟು ಕಿಲೋಮೀಟರ್ ಓಡಿದೆ. ಡ್ರೈವರ್‌ಗೆ ದುಡ್ಡು ಕಿಲೋಮೀಟರ್ ಲೆಕ್ಕದಲ್ಲಿ. ಒಂದು ಸಂದೇಶ ಸುಮಾರು 400 ಬೈಟ್, ಅಂದರೆ ಏನೂ ಅಲ್ಲ. ಆದರೆ ದಿನಾ ಲಕ್ಷಗಟ್ಟಲೆ ಬಂದರೆ ಕ್ಲೌಡ್ ಬಿಲ್ ನೋಡಿ ಮ್ಯಾನೇಜರ್ ಮುಖ ಸಪ್ಪೆಯಾಗುತ್ತೆ. "ಇದನ್ನ ಸ್ವಲ್ಪ ಕುಗ್ಗಿಸು" ಅಂತ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಹಿಡಿದದ್ದು ಝಡ್‌ಲಿಬ್. 1995ರಲ್ಲಿ ಬಂದ ಲೈಬ್ರರಿ, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಿಮ್ಮ ಫೋನಿನಲ್ಲೂ ಇದೆ, ಪಿಎನ್‌ಜಿ ಚಿತ್ರ ತೆರೆದಾಗೆಲ್ಲ ಇದೇ ಬಗೆಯ ಕುಗ್ಗಿಸುವಿಕೆ ಬಿಚ್ಚಿಕೊಳ್ಳುತ್ತೆ. ಒಳಗಿರುವ ಉಪಾಯ ಇನ್ನೂ ಹಳೇದು. ಲೆಂಪೆಲ್ ಮತ್ತು ಝಿವ್ ಎಂಬಿಬ್ಬರು 1977ರಲ್ಲಿ ಹೇಳಿದ್ದು: ಒಮ್ಮೆ ಬಂದದ್ದೇ ಮತ್ತೆ ಬಂದರೆ ಮತ್ತೆ ಬರೆಯಬೇಡ, "ಇಷ್ಟು ಹಿಂದೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ತಗೋ" ಅಂತ ಗುರುತು ಹಾಕು ಸಾಕು. ಅದರ ಮೇಲೆ ಹಫ್‌ಮನ್‌ನ ವಿಧಾನ, ಪದೇ ಪದೇ ಬರುವುದಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ್ದು. ಇದು 1952ರದ್ದು. ಎಂಐಟಿಯ ವಿದ್ಯಾರ್ಥಿಯಾಗಿದ್ದ ಹಫ್‌ಮನ್ ಪರೀಕ್ಷೆ ಬರೆಯುವ ಬದಲು ಒಪ್ಪಿಸಿದ ಪ್ರಬಂಧದಿಂದ ಹುಟ್ಟಿದ್ದು. ನಾವು ಇಂಜಿನಿಯರಿಂಗ್‌ನಲ್ಲಿ ಅದನ್ನೇ ಹತ್ತು ಮಾರ್ಕಿಗೆ ಬಾಯಿಪಾಠ ಮಾಡಿದ್ವಿ, ಆ ಮಾತು ಬಿಡಿ.

ತೊಂದರೆ ಎಲ್ಲಿ ಬಂತು ಅಂದರೆ, "ಹಿಂದೆ ಹೋಗು" ಅನ್ನೋಕೆ ಹಿಂದೆ ಏನಾದರೂ ಇರಬೇಕಲ್ಲ? 400 ಬೈಟ್‌ನ ಸಂದೇಶಕ್ಕೆ ಹಿಂದೆ ಅನ್ನೋದೇ ಇಲ್ಲ, ಶುರುವಾಗೋದ್ರೊಳಗೆ ಮುಗಿದಿರುತ್ತೆ. ಎಷ್ಟು ತಿರುಚಿದರೂ 250ಕ್ಕಿಂತ ಕೆಳಗೆ ಇಳಿಯಲಿಲ್ಲ. ಸಾವಿರ ಸಂದೇಶ ಒಟ್ಟಿಗೆ ಕಟ್ಟಿದರೆ ಚೆನ್ನಾಗಿ ಕುಗ್ಗುತ್ತಿತ್ತು, ಆದರೆ ನಮಗೆ ಬೇಕಾದ ಒಂದೇ ಒಂದನ್ನು ಥಟ್ಟನೆ ತೆಗೆಯಬೇಕಿತ್ತು.

ಆಗ ಸಿಕ್ಕಿದ್ದು ಝಡ್‌ಸ್ಟ್ಯಾಂಡರ್ಡ್. ಯಾನ್ ಕೊಲೆ ಬರೆದದ್ದು, ಫೇಸ್‌ಬುಕ್ 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದರಲ್ಲಿ ಡಿಕ್ಷನರಿ ಅಂತ ಒಂದು ಸೌಲಭ್ಯ ಇದೆ. ನಮ್ಮ ಊರಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಲಗ್ನಪತ್ರಿಕೆ ಮಾಡಿಸಿದ್ದೀರಾ? ಚಿ|| ರಾ||, ಚಿ|| ಸೌ||, ಸುಮುಹೂರ್ತ, ತಮ್ಮ ಆಗಮನಾಭಿಲಾಷಿಗಳು, ಎಲ್ಲ ಮೊದಲೇ ತಯಾರಿರುತ್ತೆ. ನಾವು ಕೊಡೋದು ಹೆಸರು, ತಾರೀಕು, ಕಲ್ಯಾಣಮಂಟಪ ಮಾತ್ರ. ಡಿಕ್ಷನರಿನೂ ಹಾಗೇ. ಕೆಲವು ಸಾವಿರ ಸಂದೇಶಗಳ ಮಾದರಿ ಕೊಟ್ಟರೆ, ಎಲ್ಲದರಲ್ಲೂ ಬರುವ ತುಣುಕುಗಳನ್ನು ಆರಿಸಿ ನೂರು ಕೆಬಿ ಚಿಲ್ಲರೆಯ ಒಂದು ಫೈಲು ಮಾಡಿಕೊಡುತ್ತೆ. ಆಮೇಲೆ ಪ್ರತಿ ಸಂದೇಶಕ್ಕೂ ಆ ಫೈಲೇ "ಹಿಂದೆ". (ಝಡ್‌ಲಿಬ್‌ನಲ್ಲೂ ಡಿಕ್ಷನರಿ ಕೊಡಬಹುದು, ಆದರೆ ಅದನ್ನು ನಾವೇ ಹೊಂದಿಸಬೇಕು.)

400 ಬೈಟ್ 70ಕ್ಕೆ ಇಳಿಯಿತು! ಇಡೀ ಟೀಮಿಗೆ ಮೇಲ್ ಹೋಯ್ತು, ನನ್ನ ಹೆಸರು ದಪ್ಪಕ್ಷರದಲ್ಲಿ. ಅವತ್ತು ಪುಳಿಯೋಗರೆ ಡಬ್ಬಿ ಬಿಟ್ಟು ಹೊರಗೆ ಬಿರಿಯಾನಿ ತಿಂದೆ.

ಆ ತಿಂಗಳ ಹದಿನೆಂಟಕ್ಕೆ ಸಂದೇಶದಲ್ಲಿ ಡೀಸೆಲ್ ಮಟ್ಟ ಅಂತ ಹೊಸ ಅಂಶ ಸೇರಿತು. ಉತ್ಸಾಹದಲ್ಲಿ ಡಿಕ್ಷನರಿಯನ್ನು ಹೊಸದಾಗಿ ಮಾಡಿ, ಅದೇ ಹೆಸರಿನಲ್ಲಿ ಹಳೆಯದರ ಮೇಲೆ ಕೂರಿಸಿದೆ. ಅಷ್ಟೇ ನಾನು ಮಾಡಿದ್ದು. ಗಿಟ್‌ನಲ್ಲಿ ಹಳೇದು ಇರಬೇಕಿತ್ತಲ್ಲ ಅಂತೀರಿ. ಬೈನರಿ ಫೈಲು ಅಂತ ಗಿಟ್ ನೋಡದ ಹಾಗೆ ಮಾಡಿದ್ದವಳೂ ನಾನೇ. ಮಾದರಿ ಸಂದೇಶಗಳನ್ನು ಜಾಗ ಸಾಲದು ಅಂತ ಅಳಿಸಿದ್ದೆ. ಜಾಗ ಉಳಿಸುವ ಕೆಲಸ ತಾನೆ ನನಗೆ ಕೊಟ್ಟಿದ್ದು! ಹನ್ನೊಂದು ದಿನ ಯಾರಿಗೂ ಗೊತ್ತಾಗಲಿಲ್ಲ, ಯಾಕಂದರೆ ಮ್ಯಾಪಿನಲ್ಲಿ ಎಲ್ಲರೂ ನೋಡೋದು ಇವತ್ತಿನ ಗಾಡಿ. ಹಳೇ ಸಂದೇಶ ಬೇಕಾಗೋದು ತಿಂಗಳ ಕೊನೆಗೆ.

ಬ್ಯಾಕಪ್ ಇತ್ತು. ಅದರೊಳಗಿದ್ದದ್ದೂ ಕುಗ್ಗಿಸಿದ ಸಂದೇಶಗಳೇ. "ಅಷ್ಟು ಹಿಂದೆ ಹೋಗು" ಅಂತ ಪ್ರತಿಯೊಂದೂ ಕೈ ತೋರಿಸುತ್ತಿತ್ತು, ತೋರಿಸಿದ ಕಡೆ ಮನೆಯೇ ಇರಲಿಲ್ಲ.

ರಾತ್ರಿ ಹನ್ನೆರಡರವರೆಗೆ ಸರ್ವರ್‌ಗಳನ್ನೆಲ್ಲ ಜಾಲಾಡಿದೆ. ಹೊಸ ಕೋಡ್ ಹಾಕಿದಾಗೆಲ್ಲ ನಮ್ಮ ಸರ್ವರ್ ಹಳೇದನ್ನು ಒರೆಸಿಬಿಡುತ್ತೆ. ಎಲ್ಲ ಕಡೆ ಹೊಸ ಡಿಕ್ಷನರಿಯೇ ಕೂತಿತ್ತು. ಶನಿವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಗೇಟಿನ ಹತ್ತಿರ ಒಬ್ಬ ಡ್ರೈವರ್ ಸಿಕ್ಕರು, ನಮ್ಮಪ್ಪನಿಗಿಂತ ಸ್ವಲ್ಪ ಚಿಕ್ಕವರಿರಬಹುದು. "ಮೇಡಂ, ಸಿಸ್ಟಮ್ ಕೆಟ್ಟೋಗಿದೆಯಂತೆ? ಐದನೇ ತಾರೀಕು ಗಾಡಿ ಕಂತು ಕಟ್ಬೇಕು. ಅರ್ಧ ದುಡ್ಡು ಬಂದ್ರೆ ಆಗಲ್ಲ." ನೋಡ್ತಿದ್ದೀವಿ ಅಣ್ಣ ಅಂದೆ. ಕೆಟ್ಟಿರೋದು ಸಿಸ್ಟಮ್ ಅಲ್ಲ, ನನ್ನ ಕೈ ಅಂತ ಹೇಳಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಅಪ್ಪ ಫೋನ್ ಮಾಡಿದರು. ದನಿಯಲ್ಲೇ ಗೊತ್ತಾಗಿರಬೇಕು. "ಏನಾಯ್ತು ಪುಟ್ಟಿ?" ಅಂದರು. ಹೇಗೆ ಹೇಳೋದು ಅಂತ ಗೊತ್ತಾಗದೆ, ಲಗ್ನಪತ್ರಿಕೆ ಕಥೆಯನ್ನೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ಮಜ್ಜನ ತಾರು ಥರ ಅಲ್ವೇನೇ ಇದು?"

ನಮ್ಮಜ್ಜ ತಾರು ಕಚೇರಿಯಲ್ಲಿದ್ದವರು. ಶುಭಾಶಯದ ತಾರು ಕಳಿಸುವವರಿಗೆ ಅಲ್ಲಿ ಒಂದು ಪಟ್ಟಿ ಇರುತ್ತಿತ್ತಂತೆ. ಮದುವೆಗೆ ಒಂದು ನಂಬರ್, ದೀಪಾವಳಿಗೆ ಇನ್ನೊಂದು, ಪರೀಕ್ಷೆ ಪಾಸಾದರೆ ಮತ್ತೊಂದು. ವಾಕ್ಯ ಕಳಿಸಬೇಕಿಲ್ಲ, ನಂಬರ್ ಹೋದರೆ ಸಾಕು, ಆ ಕಡೆಯವರು ಪಟ್ಟಿ ನೋಡಿ ಇಡೀ ವಾಕ್ಯ ಬರೆದುಕೊಡುತ್ತಿದ್ದರು. ತಾರು ಸೇವೆಯೇ 2013ರಲ್ಲಿ ನಿಂತುಹೋಯಿತು. ಮೆಸೇಜ್ ಕಂಪ್ರೆಷನ್ ಅಂತ ನಾನು ಬೀಗಿದ್ದನ್ನು ಅಜ್ಜ ಖಾಕಿ ಬಣ್ಣದ ಕಾಗದದಲ್ಲಿ ಮಾಡುತ್ತಿದ್ದರು.

"ಅಲ್ಲ, ಪಟ್ಟಿ ಕಳಿಸೋರ ಹತ್ರ ಮಾತ್ರ ಇದ್ರೆ ಆಗಲ್ಲ, ಓದೋರ ಹತ್ರಾನೂ ಇರ್ಬೇಕಲ್ಲ? ಹಳೇ ಪಟ್ಟಿ ಬೇರೆ ಯಾರ ಹತ್ರ ಇದೆ ನೋಡು."

ನಾನು ಇಡೀ ರಾತ್ರಿ ಕುಗ್ಗಿಸುವ ಕಡೆ ಮತ್ತು ನಮ್ಮ ರಿಪೋರ್ಟ್ ಕಡೆ ಹುಡುಕಿದ್ದೆ. ನಮ್ಮನ್ನು ಬಿಟ್ಟು ಈ ಸಂದೇಶಗಳನ್ನು ಇನ್ಯಾರು ಓದಿದ್ದರು? ಆಗ ಹೊಳೆಯಿತು. ಟೆಸ್ಟಿಂಗ್ ಟೀಮಿನ ಗೆಳೆಯ ತಿಂಗಳ ಶುರುವಿನಲ್ಲಿ, ಕುಗ್ಗಿಸಿದ್ದು ಸರಿಯಾಗಿ ಬಿಚ್ಚಿಕೊಳ್ಳುತ್ತಾ ಅಂತ ತನ್ನ ಲ್ಯಾಪ್‌ಟಾಪಿನಲ್ಲೇ ಒಂದು ಸ್ಕ್ರಿಪ್ಟ್ ಬರೆದುಕೊಂಡು ನೋಡಿದ್ದ. ಫೋನ್ ಮಾಡಿದರೆ ಅವನು ತುಮಕೂರಿನಲ್ಲಿ ಅಕ್ಕನ ಮಗನ ನಾಮಕರಣದಲ್ಲಿದ್ದಾನೆ. "ಲ್ಯಾಪ್‌ಟಾಪ್ ರೂಮಲ್ಲಿದೆ. ರಾತ್ರಿ ಬರ್ತೀನಿ. ಅಲ್ಲೀವರೆಗೂ ಏನಾದ್ರೂ ತಿನ್ನು ಮಾರಾಯ್ತಿ."

ರಾತ್ರಿ ಹತ್ತೂಮುಕ್ಕಾಲಿಗೆ ಫೈಲು ಬಂತು. ಝಡ್‌ಸ್ಟ್ಯಾಂಡರ್ಡ್ ಒಂದು ಒಳ್ಳೆ ಕೆಲಸ ಮಾಡುತ್ತೆ. ಪ್ರತಿ ಡಿಕ್ಷನರಿಗೂ ಒಂದು ನಂಬರ್ ಇರುತ್ತೆ, ಕುಗ್ಗಿಸಿದ ಸಂದೇಶದ ತಲೆಯಲ್ಲೂ ಆ ನಂಬರ್ ಬರೆದಿಡುತ್ತೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಓದಿದೆ. ತಾಳೆಯಾಯಿತು. ಮತ್ತೊಮ್ಮೆ ಓದಿದೆ. ಆಮೇಲೆ ಮೊದಲನೇ ಸಂದೇಶ ಬಿಚ್ಚಿದೆ: ಹೊಸಕೋಟೆ ಹತ್ತಿರ ಬೆಳಗಿನ ಜಾವ, ಯಾವುದೋ ಗಾಡಿ, 43 ಕಿಲೋಮೀಟರ್ ವೇಗ. ಅಷ್ಟು ಚೆಂದದ ಸಾಲು ನಾನು ಯಾವತ್ತೂ ಓದಿರಲಿಲ್ಲ.

ಭಾನುವಾರ ಹದಿನೇಳು ದಿನದ್ದೂ ಬಿಚ್ಚಿ ಲೆಕ್ಕ ಹಾಕಿದ್ವಿ, ಸೋಮವಾರ ದುಡ್ಡು ಹೋಯ್ತು. ಏನಾಯ್ತು, ಯಾರಿಂದ ಆಯ್ತು ಅಂತ ಮ್ಯಾನೇಜರ್‌ಗೆ ಬರೆದೆ. ಈ ಸಲ ಮೇಲ್ ಇಡೀ ಟೀಮಿಗೆ ಹೋಗಲಿಲ್ಲ. "ಹೆಸರಿನ ಮುಂದೆ ಒಂದು ನಂಬರ್ ಹಾಕಿದ್ರೆ ಮುಗೀತಿತ್ತಲ್ಲಾ" ಅಂದರು, ಅಷ್ಟೇ. ಈಗ ಪ್ರತಿ ಡಿಕ್ಷನರಿಯೂ ತನ್ನ ನಂಬರ್ ಸಮೇತ ಡೇಟಾಬೇಸ್‌ನಲ್ಲೇ ಕೂತಿದೆ, ಅಳಿಸುವ ಅನುಮತಿ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ದಸರೆಗೆ ಊರಿಗೆ ಹೋದಾಗ ಅಪ್ಪ ಟ್ರಂಕಿನಿಂದ ಅವರ ಮದುವೆಗೆ ಬಂದ ತಾರು ತೆಗೆದು ತೋರಿಸಿದರು. ಮಡಿಕೆಯಲ್ಲಿ ಹರಿದಿತ್ತು, ನವದಂಪತಿಗೆ ಶುಭಾಶಯದ ಇಡೀ ವಾಕ್ಯ ಇತ್ತು. "ಇದು ಯಾವ ನಂಬರಿಂದು ಅಪ್ಪ?" ಅಂತ ಕೇಳಿದೆ. ಅಪ್ಪನಿಗೆ ನೆನಪಿರಲಿಲ್ಲ. "ಅಜ್ಜ ಇದ್ದಿದ್ರೆ ಕಣ್ಣು ಮುಚ್ಕೊಂಡು ಹೇಳೋರು" ಅಂದು, ಮಡಚಿ ಮತ್ತೆ ಟ್ರಂಕಿನೊಳಗೆ ಇಟ್ಟರು.