ಪಡಸಾಲೆಯ ಪರದೆ ಮತ್ತು ಗೃಹಸ್ಥನ ವಿವೇಕ

ಗೃಹಸ್ಥನಾದವನು ಮನೆಗೆ ತರುವ ಪ್ರತಿಯೊಂದು ವಸ್ತುವಿಗೂ ಎರಡು ಬೆಲೆಗಳಿರುತ್ತವೆ. ಅಂಗಡಿಯಲ್ಲಿ ಎಣಿಸಿಕೊಡುವ ಬೆಲೆ ಒಂದು. ಆ ವಸ್ತು ಮನೆಯಲ್ಲಿರುವಷ್ಟು ಕಾಲ ಮನೆಮಂದಿಯ ವೇಳೆ, ನಿದ್ರೆ, ಮಾತುಕತೆಗಳಿಂದ ಕಡಿದುಕೊಳ್ಳುವ ಬೆಲೆ ಇನ್ನೊಂದು. ಮೊದಲನೆಯದಕ್ಕೆ ರಸೀದಿ ದೊರೆಯುತ್ತದೆ, ಎರಡನೆಯದಕ್ಕೆ ದೊರೆಯುವುದಿಲ್ಲ. ಇಂದಿನ ಮನೆಗಳಲ್ಲಿ ಈ ಎರಡನೆಯ ಬೆಲೆಯನ್ನು ಅತ್ಯಂತ ಹೆಚ್ಚಾಗಿ ತೆಗೆದುಕೊಳ್ಳುತ್ತಿರುವ ವಸ್ತು ಯಾವುದೆಂದರೆ ಪರದೆ. ದೂರದರ್ಶನದ ಪೆಟ್ಟಿಗೆ, ಗಣಕಯಂತ್ರ, ಅಂಗೈಯ ಫೋನು ಎಂಬ ಮೂರು ಹೆಸರುಗಳಿದ್ದರೂ ವಸ್ತು ಒಂದೇ. ಅದನ್ನು ಮನೆಯಿಂದ ಹೊರಗೆ ಹಾಕಬೇಕೆಂದು ಹೇಳುವುದು ಸುಲಭ, ಆದರೆ ವ್ಯವಹಾರಕ್ಕೆ ಹೊಂದುವ ಮಾತಲ್ಲ. ಹೇಗೆ ಇಟ್ಟುಕೊಳ್ಳಬೇಕು, ಎಲ್ಲಿ ಇಡಬೇಕು, ಯಾರಿಗಾಗಿ ಇಡಬೇಕು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಜಪಾನಿನಲ್ಲಿ 1975ರಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿ ಸಂಸ್ಥೆಯ ವಿಎಚ್‌ಎಸ್ ಹೊರಬಂದಾಗ, ಚಿತ್ರಮಂದಿರದಲ್ಲಿ ಕಾಣುತ್ತಿದ್ದುದು ಮನೆಯ ಯಜಮಾನನ ಅಧೀನಕ್ಕೆ ಬಂದಿತು. ನಮ್ಮ ದೇಶದಲ್ಲಿ 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಸಂದರ್ಭದಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. ಅನಂತರದ ಕೆಲವು ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಬಣ್ಣದ ಟಿವಿ, ವಿಸಿಆರ್ ಮತ್ತು ಮೂರು ನಾಲ್ಕು ಕ್ಯಾಸೆಟ್‌ಗಳನ್ನು ಒಂದು ರಾತ್ರಿಯ ಬಾಡಿಗೆಗೆ ತಂದು, ಓಣಿಯವರನ್ನೆಲ್ಲ ಕರೆದು, ಬೆಳಗಿನ ಜಾವದವರೆಗೆ ನೋಡುತ್ತಿದ್ದುದು ಹಿರಿಯರಿಗೆ ನೆನಪಿದೆ. 1987–88ರಲ್ಲಿ ರಾಮಾಯಣ ಧಾರಾವಾಹಿಯು ಭಾನುವಾರದ ಮುಂಜಾನೆ ಬರುತ್ತಿದ್ದಾಗ ಟಿವಿ ಇದ್ದ ಮನೆಗೆ ಟಿವಿ ಇಲ್ಲದ ಮನೆಯವರು ಸಂಕೋಚವಿಲ್ಲದೆ ಬಂದು ಕೂಡುತ್ತಿದ್ದರು. ಯಂತ್ರ ಒಂದು, ನೋಡುವವರು ಮೂವತ್ತು. ಇಂದು ಲೆಕ್ಕ ತಿರುಗಿದೆ: ನೋಡುವವರು ಐವರು, ಯಂತ್ರಗಳು ಏಳು. ಅಂದಿನ ಕಾರ್ಯಕ್ರಮಗಳು ಎಲ್ಲವೂ ಉತ್ತಮವಾಗಿದ್ದವು ಎಂದಲ್ಲ. ಆದರೆ ನೋಡಿದ್ದರ ಬಗ್ಗೆ ಮಾತನಾಡಲು ಪಕ್ಕದಲ್ಲಿ ಒಬ್ಬರಿದ್ದರು.

ಉತ್ತರ ಕರ್ನಾಟಕದ ಒಂದು ವ್ಯಾಪಾರಿ ಕುಟುಂಬದ ಉದಾಹರಣೆಯನ್ನು ಇಲ್ಲಿ ನೋಡಬಹುದು. ಕಾಳುಕಡಿಯ ವ್ಯಾಪಾರ, ಅಜ್ಜ, ಮಗ, ಸೊಸೆ, ಕಾಲೇಜು ಓದುವ ಮೊಮ್ಮಗ, ಶಾಲೆಗೆ ಹೋಗುವ ಮೊಮ್ಮಗಳು. ಮನೆಯನ್ನು ದುರಸ್ತಿ ಮಾಡಿಸುವಾಗ ಮಗನು, ಮಾಳಿಗೆಯ ಕೋಣೆಯನ್ನು ಚಿತ್ರಮಂದಿರದಂತೆ ಮಾಡಿಸಬೇಕೆಂದು ಬಯಸಿದನು. ಪ್ರೊಜೆಕ್ಟರು, ಸುತ್ತಲೂ ಧ್ವನಿವರ್ಧಕಗಳು, ಒರಗು ಕುರ್ಚಿಗಳು ಎಲ್ಲದರ ಅಂದಾಜುಪಟ್ಟಿಯೂ ಬಂದಿತು. ಅಜ್ಜನು ಮೊತ್ತವನ್ನು ಕೇಳಲಿಲ್ಲ. "ಮಾಳಿಗೆಯ ಮೆಟ್ಟಿಲು ಎಷ್ಟು?" ಎಂದು ಮಾತ್ರ ಕೇಳಿದನು. ಹದಿನೆಂಟು ಮೆಟ್ಟಿಲು. ಅಜ್ಜನ ಮೊಣಕಾಲು ಅಷ್ಟನ್ನು ಏರಲಾರದೆಂಬುದು ಎಲ್ಲರಿಗೂ ತಿಳಿದಿತ್ತು. ಮಗನು ಅಂದಾಜುಪಟ್ಟಿಯನ್ನು ಮಡಿಸಿ ಕಿಸೆಗೆ ಹಾಕಿಕೊಂಡನು. ಮನರಂಜನೆಯ ಸ್ಥಳವನ್ನು ಆರಿಸುವುದೆಂದರೆ ಅದರಲ್ಲಿ ಯಾರು ಸೇರಬಹುದು, ಯಾರು ಸೇರಲಾರರು ಎಂಬುದನ್ನೂ ಆರಿಸಿದಂತೆ ಎಂಬುದು ಈ ಒಂದು ಪ್ರಶ್ನೆಯಿಂದ ಸ್ಪಷ್ಟವಾಗುತ್ತದೆ. ಕೊನೆಗೆ ಆ ಮನೆಯಲ್ಲಿ ಪಡಸಾಲೆಯಲ್ಲಿಯೇ ಒಂದು ಪರದೆಯನ್ನು ಇಟ್ಟರು. ಮಲಗುವ ಕೋಣೆಗಳಲ್ಲಿ ಇದ್ದ ಎರಡನ್ನು ತೆಗೆದರು.

ಇಂತಹ ವ್ಯವಸ್ಥೆಗೆ ಬೇಕಾಗುವ ಸಲಕರಣೆ ಬಹಳವಿಲ್ಲ. ಪರದೆಯ ಅಳತೆಯನ್ನು ಅದರ ಕರ್ಣದಿಂದ ಹೇಳುತ್ತಾರೆ. ಕರ್ಣದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಕುಳಿತು ನೋಡುವುದು ರೂಢಿಯ ಲೆಕ್ಕ. 55 ಅಂಗುಲದ ಪರದೆಗೆ ಏಳು ಅಡಿಯ ಸುಮಾರಿನ ಅಂತರ ಸಾಕಾಗುತ್ತದೆ. ಕುಳಿತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು; ಗೋಡೆಯ ಮೇಲ್ತುದಿಗೆ ತೂಗುಹಾಕಿದರೆ ವಯಸ್ಸಾದವರ ಕುತ್ತಿಗೆ ನೋಯುತ್ತದೆ. ಪರದೆಗೆ ಒಂದು ಚಿಕ್ಕ ಗಣಕಯಂತ್ರವನ್ನು ಎಚ್‌ಡಿಎಂಐ ತಂತಿಯಿಂದ ಜೋಡಿಸಿದರೆ ಚಿತ್ರ ಮತ್ತು ಧ್ವನಿ ಎರಡೂ ಆ ಒಂದೇ ತಂತಿಯಲ್ಲಿ ಹರಿಯುತ್ತವೆ. ಹೊಸ ಯಂತ್ರವೇ ಬೇಕೆಂದಿಲ್ಲ. ಅಂಗಡಿಯ ಲೆಕ್ಕಪತ್ರಕ್ಕೆ ಬಳಸಿ ಬದಿಗಿಟ್ಟ ಗಣಕವೂ ಅನೇಕ ವೇಳೆ ಈ ಕೆಲಸಕ್ಕೆ ಸಾಲುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ಮನೆಯ ಮನರಂಜನೆಗೆಂದೇ ಮೀಡಿಯಾ ಸೆಂಟರ್ ಎಂಬ ವ್ಯವಸ್ಥೆಯನ್ನು ತಂದಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟಿತು. ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡ ತಂತ್ರಾಂಶ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಮನೆಯವರ ಚಿತ್ರ, ವಿಡಿಯೋ, ಹಾಡುಗಳನ್ನು ಅದು ಪುಸ್ತಕದ ಕಪಾಟಿನಂತೆ ಅಡಕವಾಗಿ ಜೋಡಿಸಿ ತೋರಿಸುತ್ತದೆ.

ಖರ್ಚಿನ ವಿಷಯದಲ್ಲಿ ವ್ಯಾಪಾರಿಯ ಕಣ್ಣಿನಿಂದ ನೋಡುವುದು ಹಿತ. ಪರದೆ, ಗಣಕಗಳ ಬೆಲೆ ಬಂಡವಾಳ ವೆಚ್ಚ. ಅದಕ್ಕೆ ಸವಕಳಿ ಉಂಟು, ಆದರೆ ಅದು ಕಣ್ಣಿಗೆ ಕಾಣುವ ವೆಚ್ಚ. ಕಾಣದಿರುವುದು ಆವರ್ತಕ ವೆಚ್ಚ. ನೆಟ್‌ಫ್ಲಿಕ್ಸ್ 2016ರ ಜನವರಿಯಲ್ಲಿ ಭಾರತಕ್ಕೆ ಬಂದ ಮೇಲೆ ಇಂತಹ ಚಂದಾ ಸೇವೆಗಳು ಒಂದರ ಹಿಂದೆ ಒಂದು ಬೆಳೆದವು. ತಿಂಗಳ ಚಂದಾ ಸಣ್ಣದಾಗಿ ತೋರುತ್ತದೆ; ನಾಲ್ಕು ಸೇವೆಗಳ ಚಂದಾವನ್ನು ಹನ್ನೆರಡರಿಂದ ಗುಣಿಸಿ ಬರೆದಾಗ ಮಾತ್ರ ಅದರ ನಿಜಸ್ವರೂಪ ತಿಳಿಯುತ್ತದೆ. ತಾನಾಗಿಯೇ ಕಡಿತವಾಗುವ ಇಂತಹ ಹಣದ ಬಗ್ಗೆ ಗ್ರಾಹಕನಿಗೆ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಆ ಸಂದೇಶವನ್ನು ಓದದೆ ಅಳಿಸಿಹಾಕುವುದು ಸಾಲಗಾರನ ಪತ್ರವನ್ನು ಒಡೆಯದೆ ಒಲೆಗೆ ಹಾಕಿದಂತೆ. ಮೇಲಿನ ಕುಟುಂಬದಲ್ಲಿ ಸೊಸೆಯು ಒಂದು ಪದ್ಧತಿಯನ್ನು ಮಾಡಿದಳು: ಒಂದು ಬಾರಿಗೆ ಒಂದೇ ಸೇವೆ, ಅದರಲ್ಲಿ ನೋಡಬೇಕಾದುದು ಮುಗಿದ ಮೇಲೆ ಅದನ್ನು ನಿಲ್ಲಿಸಿ ಬೇರೊಂದು. ದೂರದರ್ಶನದ ಚಂದನ ವಾಹಿನಿಗಂತೂ ಚಂದಾ ಬೇಕಾಗಿಲ್ಲ. 2004ರಲ್ಲಿ ಆರಂಭವಾಗಿ ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ಸೇವೆಗೆ ಒಮ್ಮೆ ತಟ್ಟೆ ಮತ್ತು ಪೆಟ್ಟಿಗೆಯನ್ನು ಕೊಂಡರೆ ಮಾಸಿಕ ಶುಲ್ಕವಿಲ್ಲ.

ಆ ಮನೆಯಲ್ಲಿ ಕಠಿಣವಾದ ಪ್ರಸಂಗ ಬಂದುದು ಬೇರೆ ಕಡೆಯಿಂದ. ಮೊಮ್ಮಗನು ಗೆಳೆಯನಿಂದ ಒಂದು ಹಾರ್ಡ್ ಡಿಸ್ಕ್ ತಂದನು. ಅದರಲ್ಲಿ ನಾಲ್ಕು ನೂರು ಚಲನಚಿತ್ರಗಳ ನಕಲುಗಳಿದ್ದವು. ಹಣ ಕೊಡಬೇಕಾಗಿಲ್ಲ, ಎಲ್ಲರೂ ಹೀಗೆಯೇ ಮಾಡುತ್ತಾರೆ, ಇದರಿಂದ ಯಾರ ಗಂಟು ಹೋಗುತ್ತದೆ ಎಂಬುದು ಅವನ ವಾದ. ಅಜ್ಜನು ಸಿಟ್ಟಾಗಲಿಲ್ಲ. "ತಮ್ಮಾ, ನಮ್ಮ ಗೋದಾಮಿನಲ್ಲಿ ಬಿಲ್ಲಿಲ್ಲದ ಮೂಟೆ ಒಂದಿದ್ದರೆ ಉಳಿದ ಮೂಟೆಗಳ ಮೇಲೂ ಸಂಶಯ ಬರುತ್ತದೆ. ಇದರ ಬಿಲ್ಲು ಎಲ್ಲಿದೆ?" ಎಂದನು. ಹುಡುಗನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಅವನು ಅಜ್ಜನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಡಿಸ್ಕನ್ನು ಹಿಂದಿರುಗಿಸಿ ಬಂದನು. ಕೊಡದಿರುವುದನ್ನು ತೆಗೆದುಕೊಳ್ಳಬಾರದೆಂಬ ಅಚೌರ್ಯದ ಪಾಠವನ್ನು ಮಕ್ಕಳು ಪಾಠಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಅದರ ಪರೀಕ್ಷೆ ನಡೆಯುವುದು ಇಂತಹ ಕಡೆಯಲ್ಲಿ.

ಕಾನೂನಿನ ನೆಲೆಯನ್ನೂ ತಿಳಿದಿರುವುದು ಉಚಿತ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. 1954ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ಚಿತ್ರಕ್ಕೆ ಈ ಲೆಕ್ಕದಂತೆ ಅವಧಿ 2014ರ ಕೊನೆಗೆ ಮುಗಿಯುತ್ತದೆ. ಆದರೆ ಅದರೊಳಗಿನ ಕಥೆ, ಹಾಡುಗಳ ಹಕ್ಕನ್ನು ಬೇರೆಯಾಗಿಯೇ ಎಣಿಸಬೇಕು. ಮನೆಯಲ್ಲಿ ನೋಡಲೆಂದು ಪಡೆದ ಅನುಮತಿ ಮನೆಗೆ ಮಾತ್ರ ಸಲ್ಲುತ್ತದೆ. ದೇವಸ್ಥಾನದ ಟ್ರಸ್ಟುಗಳು ಸಮುದಾಯ ಭವನದಲ್ಲಿ ಬೇಸಿಗೆ ಶಿಬಿರದ ಮಕ್ಕಳಿಗೆ ಚಿತ್ರ ತೋರಿಸುವಾಗ ಯಾರದೋ ಮನೆಯ ಚಂದಾವನ್ನು ಬಳಸುವ ರೂಢಿಯುಂಟು. ಉದ್ದೇಶ ಒಳ್ಳೆಯದಾದರೂ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕೆಂಬುದನ್ನು ಪದಾಧಿಕಾರಿಗಳು ಮರೆಯಬಾರದು.

ಹಾಗಾದರೆ ಪರದೆಯಲ್ಲಿ ನೋಡುವುದೇನು? ಇದಕ್ಕೆ ಉತ್ತರ ಅನೇಕ ಮನೆಗಳ ಅಟ್ಟದ ಮೇಲೆಯೇ ಇದೆ. 1985ರಿಂದ 2000ದವರೆಗಿನ ಮದುವೆ, ಗೃಹಪ್ರವೇಶ, ತೀರ್ಥಯಾತ್ರೆಗಳು, 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಇವೆಲ್ಲ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಕುಳಿತಿವೆ. ಅವನ್ನು ಓಡಿಸುವ ಯಂತ್ರಗಳು ಇನ್ನು ತಯಾರಾಗುವುದಿಲ್ಲ. ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಕ್ಯಾಸೆಟ್ಟಿನ ಪಟ್ಟಿಯ ಮೇಲಿನ ಕಾಂತೀಯ ಲೇಪ ವರ್ಷ ಕಳೆದಂತೆ ಕ್ಷೀಣಿಸುತ್ತದೆ. ಮಳೆಗಾಲದ ತೇವದಲ್ಲಿ ಬಿಳಿಯ ಬೂಷ್ಟು ಕಟ್ಟುತ್ತದೆ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ಹಾಕಬಾರದು. ಅದು ಯಂತ್ರದ ತಲೆಯನ್ನು ಕೆಡಿಸಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಅಂತಹುದನ್ನು ಬಲ್ಲವರ ಕೈಗೆ ಕೊಡುವುದೇ ಲೇಸು.

ಉಳಿದವನ್ನು ಮನೆಯಲ್ಲಿಯೇ ಗಣಕಕ್ಕೆ ಇಳಿಸಿಕೊಳ್ಳಬಹುದು. ಸುಸ್ಥಿತಿಯಲ್ಲಿರುವ ಒಂದು ವಿಸಿಆರ್, ಅದರ ಹಳದಿ, ಕೆಂಪು, ಬಿಳಿ ತಂತಿಗಳನ್ನು ಗಣಕಕ್ಕೆ ಸೇರಿಸುವ ಒಂದು ಚಿಕ್ಕ ಉಪಕರಣ, ಇಷ್ಟು ಸಾಕು. ಹಳದಿ ತಂತಿಯಲ್ಲಿ ಚಿತ್ರವೂ ಉಳಿದೆರಡರಲ್ಲಿ ಧ್ವನಿಯೂ ಬರುತ್ತವೆ. ಇಲ್ಲಿ ಅವಸರಕ್ಕೆ ಅವಕಾಶವಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಸಾಧಾರಣ ಗುಣಮಟ್ಟದಲ್ಲಿ ಗಂಟೆಗೆ ಎರಡು ಮೂರು ಜಿಬಿ ಸ್ಥಳ ಹಿಡಿಯುತ್ತದೆ. ಆದುದರಿಂದ ಒಂದು ಟಿಬಿಯ ಡಿಸ್ಕಿನಲ್ಲಿ ಮುನ್ನೂರು ಗಂಟೆಗಳಿಗೂ ಹೆಚ್ಚಿನ ವಿಡಿಯೋ ಹಿಡಿಸುತ್ತದೆ. ಆದರೆ ಒಂದೇ ಡಿಸ್ಕನ್ನು ನಂಬುವುದು ಇಡೀ ಬಂಡವಾಳವನ್ನು ಒಬ್ಬನೇ ಗಿರಾಕಿಗೆ ಉದ್ರಿ ಕೊಟ್ಟಂತೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ ಎಂಬುದು ಈ ವಿದ್ಯೆಯವರು ಪಾಲಿಸುವ ಸೂತ್ರ. ಪ್ರತಿಯೊಂದು ಕಡತಕ್ಕೂ ವರ್ಷ, ಸ್ಥಳ, ಸಂದರ್ಭಗಳನ್ನು ಹೆಸರಾಗಿ ಬರೆದಿಡಬೇಕು. ಹೆಸರಿಲ್ಲದ ಕಡತ ಇದ್ದೂ ಇಲ್ಲದಂತೆ.

ಆ ಕುಟುಂಬದಲ್ಲಿ ಒಟ್ಟು ಹನ್ನೊಂದು ಕ್ಯಾಸೆಟ್‌ಗಳಿದ್ದವು. ಎರಡು ಪೂರ್ಣವಾಗಿ ಕೆಟ್ಟಿದ್ದವು. ಡಿಸ್ಕನ್ನು ಹಿಂದಿರುಗಿಸಿದ ಮೊಮ್ಮಗನೇ ಉಳಿದ ಒಂಬತ್ತನ್ನು ಒಂದು ತಿಂಗಳ ಕಾಲ ಕುಳಿತು ಇಳಿಸಿದನು. ಮದುವೆಯ ಕ್ಯಾಸೆಟ್ಟೊಂದರಲ್ಲಿ, ಅಡುಗೆಯವರೊಡನೆ ಹೋಳಿಗೆಯ ಲೆಕ್ಕ ಮಾಡುತ್ತಿದ್ದ ಅಜ್ಜಿಯ ಧ್ವನಿ ಅರ್ಧ ನಿಮಿಷ ಕೇಳಿಬಂದಿತು. ಆಕೆ ತೀರಿಕೊಂಡಾಗ ಮೊಮ್ಮಗಳು ಹುಟ್ಟಿರಲಿಲ್ಲ. ಅಂದಿನ ಸಂಜೆ ಆ ಅರ್ಧ ನಿಮಿಷವನ್ನು ಮನೆಯವರೆಲ್ಲ ಪಡಸಾಲೆಯಲ್ಲಿ ಆರೇಳು ಬಾರಿ ಕೇಳಿದರು. ಹುಡುಗಿಯು, "ಅಜ್ಜಿಯ ಮಾತು ಅತ್ತೆಯ ಮಾತಿನಂತೆಯೇ ಇದೆ" ಎಂದಳು. ಅಜ್ಜನು ಏನೂ ಹೇಳದೆ, ಕೆಟ್ಟ ಎರಡು ಕ್ಯಾಸೆಟ್‌ಗಳಲ್ಲಿ ಏನಿದ್ದಿತೆಂದು ಅವುಗಳ ಚೀಟಿಗಳನ್ನು ಓದಲು ಪ್ರಯತ್ನಿಸುತ್ತಿದ್ದನು. ಶಾಯಿ ಮಾಸಿತ್ತು. ಐದು ವರ್ಷ ಮೊದಲು ಈ ಕೆಲಸ ಮಾಡಿದ್ದರೆ ಅವೂ ಉಳಿಯುತ್ತಿದ್ದವೋ ಏನೋ.

ಚಿಕ್ಕ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಸೂಚನೆಗಳಂತೆ ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅಳುವ ಕೂಸಿಗೆ ತುತ್ತು ತಿನ್ನಿಸಲು ಫೋನನ್ನು ಮುಂದೆ ಹಿಡಿಯುವ ತಾಯಂದಿರನ್ನು ದೂಷಿಸುವುದಕ್ಕಿಂತ, ಆ ಹೊತ್ತಿನಲ್ಲಿ ಕೂಸನ್ನು ಎತ್ತಿಕೊಳ್ಳಲು ಮನೆಯ ಉಳಿದವರು ಏಳುತ್ತಾರೆಯೇ ಎಂದು ಕೇಳಿಕೊಳ್ಳುವುದು ನ್ಯಾಯ. ಊಟದ ಹೊತ್ತಿನಲ್ಲಿ ಪರದೆ ಆರಿರಬೇಕೆಂಬ ನಿಯಮ ಮಕ್ಕಳಿಗಿಂತ ಮೊದಲು, ಪೇಟೆಯ ಧಾರಣೆಯನ್ನು ಕ್ಷಣಕ್ಷಣಕ್ಕೂ ನೋಡುವ ಹಿರಿಯರಿಗೆ ಅನ್ವಯವಾಗಬೇಕು. ಹಿರಿಯರು ಪಾಲಿಸದ ನಿಯಮವನ್ನು ಕಿರಿಯರು ಶಿಕ್ಷೆಯೆಂದೇ ತಿಳಿಯುತ್ತಾರೆ. ಇದಲ್ಲದೆ, ಇಂದಿನ ಅನೇಕ ಸ್ಮಾರ್ಟ್ ಟಿವಿಗಳು ಮನೆಯವರು ಏನನ್ನು ನೋಡುತ್ತಾರೆಂಬುದನ್ನು ಗುರುತಿಸಿ ಜಾಹೀರಾತಿಗಾಗಿ ಹೊರಗೆ ಕಳುಹಿಸುತ್ತವೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಲು ಅವಕಾಶವಿರುತ್ತದೆ. ಕೊಂಡ ದಿನವೇ ಅದನ್ನು ಹುಡುಕಿ ನಿಲ್ಲಿಸುವುದು ಮೇಲು.

ಒಟ್ಟಿನಲ್ಲಿ ಹೇಳಬೇಕಾದುದಿಷ್ಟು. ಪರಿಮಿತಿಯನ್ನು ಮೊದಲೇ ನಿಶ್ಚಯಿಸಿಕೊಂಡು ಕೊಂಡ ವಸ್ತು ಗೃಹಸ್ಥನಿಗೆ ಆಳಾಗಿರುತ್ತದೆ. ಪರಿಮಿತಿಯಿಲ್ಲದೆ ಕೊಂಡದ್ದು ಅವನನ್ನೇ ಆಳುತ್ತದೆ. ಮನೆಗೆ ಒಂದು ಪರದೆ, ಅದು ಎಲ್ಲರೂ ತಲುಪಬಹುದಾದ ಸ್ಥಳದಲ್ಲಿ. ಅದರಲ್ಲಿ ನ್ಯಾಯವಾಗಿ ಬಂದುದು ಮಾತ್ರ. ಅದನ್ನು ಆರಿಸುವ ಹೊತ್ತು ಎಲ್ಲರಿಗೂ ಒಂದೇ. ಓದುಗರು ಈ ಮಳೆಗಾಲಕ್ಕೆ ಮುನ್ನ ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಕ್ಯಾಸೆಟ್‌ಗಳನ್ನು ಎಣಿಸಲಿ. ಟ್ರಸ್ಟುಗಳೂ ತಮ್ಮ ಕಚೇರಿಯ ಕಪಾಟುಗಳನ್ನು ತೆರೆದು ನೋಡಲಿ. ಪಂಚಕಲ್ಯಾಣ, ರಥೋತ್ಸವಗಳ ಎಷ್ಟೋ ದೃಶ್ಯಗಳು ಅಲ್ಲಿ ದಿನದಿಂದ ದಿನಕ್ಕೆ ಮಾಸುತ್ತಿರಬಹುದು. ಹೊಸದಾಗಿ ಏನನ್ನು ನೋಡಬೇಕೆಂಬ ಯೋಚನೆಯನ್ನು ಅದಾದ ಮೇಲೆ ಮಾಡಿದರೂ ತಡವಾಗುವುದಿಲ್ಲ.