ನಾನು ತಂದ ಹುಂಜ

2022ರ ಯುಗಾದಿಗೆ ಊರಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಸಂತೆ ಹತ್ರ ಕಾರು ನಿಲ್ಲಿಸಿ ಎರಡು ನಾಟಿ ಹುಂಜ ತಗೊಂಡೆ. ಒಂದು ಹೊಸತೊಡಕಿನ ಸಾರಿಗೆ, ಇನ್ನೊಂದು ಅವ್ವನಿಗೆ ಸಾಕೋದಕ್ಕೆ. ಕೆಂಪು ಮೈ, ಹಸಿರು ಮಿಂಚುವ ಕಪ್ಪು ಬಾಲ, ಕೆಂಡದಂಥ ಜುಟ್ಟು. ಬೆಂಗಳೂರಲ್ಲಿ ಸಂಬಳ ತಗೊಳ್ಳೋ ಮಗ ಅಂತ ತೋರಿಸ್ಕೊಳ್ಳೋಕೆ ಚೌಕಾಸಿ ಕೂಡ ಮಾಡಲಿಲ್ಲ.

ಅವ್ವನ ಹಿತ್ತಲಲ್ಲಿ ಆಗ 17 ಕೋಳಿ ಇದ್ವು. ಸಂಜೆ ಹುಂಜವನ್ನು ಅವುಗಳ ಮಧ್ಯೆನೇ ಬಿಟ್ಟೆ. ಹೊಸತೊಡಕಿನ ದಿನ ಇನ್ನೊಂದನ್ನು ಕೊಯ್ದು, ಪುಕ್ಕ, ಕರುಳು ಎಲ್ಲ ತಿಪ್ಪೆಗೆ ಎಸೆದಿದ್ದೂ ನಾನೇ. ಅವ್ವನ ಕೋಳಿಗಳು ಖುಷಿಯಾಗಿ ಅದನ್ನು ಕೆದರ್ತಾ ಇದ್ವು. ಊಟ ಮಾಡಿ, ನಿದ್ದೆ ಮಾಡಿ, ರಾತ್ರಿ ಟ್ರಾಫಿಕ್‌ನಲ್ಲಿ ಬೈಕೊಂಡು ಬೆಂಗಳೂರು ಸೇರಿದೆ.

ಗುರುವಾರ ಬೆಳಿಗ್ಗೆ ಆಫೀಸಿನ ಮೀಟಿಂಗ್ ನಡೀತಾ ಇರುವಾಗ ಅವ್ವನ ಫೋನ್. 'ಮಗ, ನೀ ತಂದ ಹುಂಜ ಯಾಕೋ ಮಂಕಾಗದೆ ಕಣ್ಲಾ. ರೆಕ್ಕೆ ಇಳೇ ಬಿಟ್ಕಂಡು ನಿಂತದೆ. ಹಸ್ರು ಹಸ್ರಾಗಿ ಹಿಕ್ಕೆ ಹಾಕ್ತದೆ.'

'ಬಿಸಿಲಿಗೆ ಹಂಗಾಗಿರುತ್ತೆ ಬಿಡವ್ವ, ಒಂಚೂರು ಬೆಳ್ಳುಳ್ಳಿ ತಿನ್ಸು' ಅಂದು ಫೋನಿಟ್ಟೆ.

ಶನಿವಾರ ಹುಂಜ ಸತ್ತಿತು. ಆಮೇಲೆ ದಿನಕ್ಕೆರಡು, ದಿನಕ್ಕೆ ಮೂರು. ಬಾಯಿ ತೆರೆದು ಉಸಿರಿಗೆ ಒದ್ದಾಡೋದು, ಕುತ್ತಿಗೆ ತಿರುಚಿಕೊಳ್ಳೋದು, ಕಾಲು ಎಳೆಯೋದು. ಕಾವಿಗೆ ಕೂತಿದ್ದ ಕೋಳಿ ಮೊಟ್ಟೆಗಳ ಮೇಲೇ ಸತ್ತಿತಂತೆ. ಅವ್ವನ 17ರಲ್ಲಿ ಉಳಿದಿದ್ದು ಮೂರು. ಪಕ್ಕದ್ಮನೆ ಅತ್ತೆಯ ಒಂಬತ್ತೂ ಹೋದ್ವು. 'ಬೆಂಗ್ಳೂರಿನವ್ನು ರೋಗ ತಂದು ಬಿಟ್ಟ' ಅಂತ ಅತ್ತೆ ನಲ್ಲಿ ಹತ್ರ ನಿಂತು ಹೇಳಿದ್ರಂತೆ. ಅವತ್ತಿಂದ ಎರಡು ಮನೆಗೂ ಮಾತಿಲ್ಲ.

ನಾನು ಹೇಳಿದ್ದು ಒಂದೇ ಮಾತು. 'ಹೋದ್ರೆ ಹೋಗ್ಲಿ ಬಿಡವ್ವ. ಎಷ್ಟಾಗುತ್ತೆ ಹೇಳು, ಈಗ್ಲೇ ಫೋನ್‌ಪೇ ಮಾಡ್ತೀನಿ.'

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಊಟ ಆಯ್ತಾ?' ಅಂದಳು.

ಆ ಮೌನ ನನಗೆ ಅರ್ಥ ಆಗೋಕೆ ಎರಡು ದಿನ ಬೇಕಾಯ್ತು. ನಮ್ಮ ಮನೇಲಿ ರಾಗಿ, ಕಬ್ಬು, ಹಾಲಿನ ದುಡ್ಡೆಲ್ಲ ಅಪ್ಪನ ಕೈಗೆ. ಕೋಳಿ ಮತ್ತು ಮೊಟ್ಟೆಯ ದುಡ್ಡು ಮಾತ್ರ ಅವ್ವನದು. ಅದು ಸಾಸಿವೆ ಡಬ್ಬಿಯಲ್ಲಿ ಇರ್ತಿತ್ತು. ಸಂಘದ ಕಂತು, ತವರಿಗೆ ಹೋಗೋ ಬಸ್ ಚಾರ್ಜು, ಅಕ್ಕನ ಮಗುವಿಗೆ ಬೆಳ್ಳಿ ಕಡಗ, ಎಲ್ಲ ಅದರಿಂದಲೇ. ಬಿಇ ಓದುವಾಗ ನನಗೆ ಎಂ3 ಬ್ಯಾಕ್ ಉಳಿದಿತ್ತು. ಪರೀಕ್ಷೆ ಫೀಸನ್ನು ಅಪ್ಪನ ಹತ್ರ ಕೇಳೋ ಧೈರ್ಯ ಇರಲಿಲ್ಲ. ಅವ್ವ ಎರಡು ಹ್ಯಾಟೆ ಮಾರಿ ಕೊಟ್ಟಳು. ಎಂ3 ಅಂದ್ರೇನು ಅಂತಲೂ ಕೇಳಲಿಲ್ಲ.

ನಾನು ಕಳಿಸೋ ದುಡ್ಡು ಎಷ್ಟೇ ಆದರೂ ಅದು ಮಗ ಕೊಟ್ಟ ದುಡ್ಡು. ಕೋಳಿ ದುಡ್ಡಿಗೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ನಾನು ಸಂತೆಯಿಂದ ಸಾಯಿಸೋಕೆ ತಂದಿದ್ದು ಆ ಡಬ್ಬಿಯನ್ನು.

ಆಫೀಸಲ್ಲಿ ಏನಾದ್ರೂ ಕೆಟ್ಟರೆ ಮೂಲ ಕಾರಣ ಹುಡುಕಿ ರಿಪೋರ್ಟ್ ಬರೀತೀವಿ. ಇದಕ್ಕೂ ಕೂತು ಹುಡುಕಿದೆ. ಊರಲ್ಲಿ ಇದಕ್ಕೆ ಕೊಕ್ಕರೆ ರೋಗ ಅಂತಾರೆ, ಪುಸ್ತಕದಲ್ಲಿ ರಾಣಿಖೇತ್ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡು, ಸ್ವಲ್ಪದರಲ್ಲೇ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲೂ ಸಿಕ್ಕಿ, ನಮ್ಮಲ್ಲಿ ಆ ಊರಿನ ಹೆಸರೇ ನಿಂತಿತು. ವೈರಸ್ಸು. ಬಂದ ಮೇಲೆ ಔಷಧಿ ಇಲ್ಲ. ಮೈಗೆ ಹೊಕ್ಕು ಸಾಮಾನ್ಯವಾಗಿ ಐದಾರು ದಿನಕ್ಕೆ ಕಾಣಿಸಿಕೊಳ್ಳುತ್ತೆ. ಅಂದ್ರೆ ಸಂತೆಯಲ್ಲಿ ಲಕ್ಷಣವಾಗಿ ನಿಂತಿರೋ ಹುಂಜದ ಒಳಗೆ ಅದು ಆಗಲೇ ಇರಬಹುದು. ಹಿಕ್ಕೆಯಿಂದ, ಉಸಿರಿನಿಂದ, ತಿಪ್ಪೆಗೆ ಎಸೆದ ಕರುಳಿನಿಂದ, ಮಂಕರಿಯಿಂದ, ಒಬ್ಬರ ಹಿತ್ತಲು ತುಳಿದು ಇನ್ನೊಬ್ಬರ ಹಿತ್ತಲಿಗೆ ಹೋದ ಚಪ್ಪಲಿಯಿಂದಲೂ ಹರಡುತ್ತೆ. ಹೊಸ ಕೋಳಿ ತಂದರೆ ಎರಡು ಮೂರು ವಾರ ದೂರದಲ್ಲಿ ಬೇರೆ ಇಟ್ಟು ನೋಡಬೇಕು. ನಾನು ಟೆಸ್ಟ್ ಮಾಡದೇ ಇರೋ ಕೋಡನ್ನು ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹಾಕಿದ್ದೆ. ಅದೂ ಎರಡು ಸಲ, ಒಂದು ಜೀವಂತವಾಗಿ, ಇನ್ನೊಂದು ತಿಪ್ಪೆಗೆ.

ಖಂಡಿತ ಆ ಹುಂಜದಿಂದಲೇ ಬಂತು ಅನ್ನೋಕೆ ನನ್ನ ಹತ್ರ ಲ್ಯಾಬ್ ರಿಪೋರ್ಟ್ ಇಲ್ಲ. ಆದ್ರೆ ದಿನಗಳ ಲೆಕ್ಕ ಹಾಕಿದರೆ ಬೇರೆ ಯಾರ ಮೇಲೂ ಹಾಕೋ ಹಾಗಿರಲಿಲ್ಲ.

ಲಸಿಕೆ ಇದೆ, ಅಗ್ಗ ಕೂಡ. ಸರಿ, ಅವ್ವನ ಕೋಳಿಗೆ ಹಾಕಿಸೋಣ ಅಂತ ಮುಂದಿನ ಸಲ ಊರಿಗೆ ಹೋದಾಗ ತಾಲೂಕಿನ ಪಶು ಆಸ್ಪತ್ರೆಗೆ ಹೋದೆ. ಡಾಕ್ಟ್ರು 'ಎಷ್ಟು ಕೋಳಿ?' ಅಂದ್ರು. ಹನ್ನೊಂದು ಅಂದೆ. ನಕ್ಕರು.

'ನೋಡಿ, ದೊಡ್ಡ ಕೋಳಿಗೆ ಹಾಕೋದು ಆರ್2ಬಿ ಅಂತ. ಒಂದು ಸೀಸೆಯಲ್ಲಿ 100 ಡೋಸ್ ಇರುತ್ತೆ. ಪುಡಿ ಥರ ಇರೋದನ್ನ ದ್ರಾವಣದಲ್ಲಿ ಕಲಸಿ, ಕೋಳಿಗೆ ಅರ್ಧ ಎಂಎಲ್ ಚುಚ್ಬೇಕು. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸ್ಬೇಕು, ಅಲ್ಲೀವರೆಗೂ ಐಸ್‌ನಲ್ಲೇ ಇರ್ಬೇಕು. ಹನ್ನೊಂದಕ್ಕೆ ಒಡೆದರೆ ಉಳಿದಿದ್ದು ಚರಂಡಿಗೆ. ನೀವು ಬೀದಿಯವರನ್ನೆಲ್ಲ ಸೇರಿಸಿ, ನಾನೇ ಬರ್ತೀನಿ.'

ಅಂದ್ರೆ ದುಡ್ಡು ಕೊಟ್ಟು ನನ್ನವ್ವನ ಕೋಳಿ ಮಾತ್ರ ಉಳಿಸ್ಕೊಳ್ಳೋ ದಾರಿ ಸುಲಭವಾಗಿ ಇರಲಿಲ್ಲ. ಇದ್ದಿದ್ದರೂ ಅರ್ಥ ಇರಲಿಲ್ಲ. ಕೋಳಿಗೆ ಬೇಲಿ ಗೊತ್ತಾ? ಅತ್ತೆಯ ತಿಪ್ಪೆಯೇ ಅವ್ವನ ಕೋಳಿಗಳ ಕ್ಯಾಂಟೀನು.

100 ಕೋಳಿ ಸೇರಿಸೋಕೆ ನಾನು ಮೊದಲು ಮಾಡಿದ ಕೆಲಸ ಊರಿನ ವಾಟ್ಸಾಪ್ ಗ್ರೂಪಿಗೆ ಉದ್ದದ ಮೆಸೇಜ್ ಹಾಕಿದ್ದು. ನಾಲ್ಕು ಜನ ಕೈ ಮುಗಿಯೋ ಎಮೋಜಿ ಹಾಕಿದ್ರು. ಕೋಳಿ ಸಾಕೋ ಹೆಂಗಸರು ಯಾರೂ ಆ ಗ್ರೂಪಲ್ಲಿ ಇಲ್ಲ ಅನ್ನೋದು ಆಮೇಲೆ ಹೊಳೀತು.

ಕೊನೆಗೆ ಕೆಲಸ ಮಾಡಿದ್ದು ಅವ್ವ. ತವರಿಂದ ಕಾವಿಗೆ ಮೊಟ್ಟೆ ತಂದು, 21 ದಿನಕ್ಕೆ ಮರಿ ಮಾಡಿಸಿ, ಮತ್ತೆ ಹಿತ್ತಲು ತುಂಬಿಸ್ಕೊಂಡಿದ್ದಳು. ಅದರಲ್ಲಿ ನಾಲ್ಕು ಮರಿಗಳನ್ನು ಸೆರಗಲ್ಲಿ ಕಟ್ಕೊಂಡು ಪಕ್ಕದ್ಮನೆ ಅತ್ತೆಯ ಜಗಲಿ ಮೇಲೆ ಬಿಟ್ಟು ಬಂದಳಂತೆ. ಏನು ಮಾತಾಡಿದ್ರಿ ಅಂತ ಕೇಳಿದೆ. 'ಏನೂ ಇಲ್ಲ. ಅವ್ರು ಮರಿ ನೋಡುದ್ರು. ನಾ ಬಂದೆ' ಅಂದಳು. ಮಾರನೇ ವಾರ ಅತ್ತೆಯೇ ಬೀದಿಯ ಕೋಳಿ ಲೆಕ್ಕ ಹಾಕೋಕೆ ಹೊರಟಿದ್ರು. 'ಸೂಜಿ ಚುಚ್ಚುದ್ರೆ ಮೊಟ್ಟೆ ನಿಂತೋಯ್ತದೆ' ಅಂದವರಿಗೆ 'ನಾಕು ದಿನ ನಿಂತ್ರೆ ನಿಲ್ಲಲಿ, ಕೋಳಿನೇ ಇಲ್ದೆ ಹೋದ್ರೆ?' ಅಂತ ಅವರೇ ಬುದ್ಧಿ ಹೇಳಿದ್ರು.

2023ರ ಫೆಬ್ರುವರಿಯಲ್ಲಿ, ಬೇಸಿಗೆ ಏರೋ ಮುಂಚೆ, ಒಂದು ಬೆಳಗಿನ ಜಾವ ಡಾಕ್ಟ್ರು ಥರ್ಮಾಸ್ ಹಿಡ್ಕೊಂಡು ಬಂದ್ರು. ಜಾವವೇ ಯಾಕೆ ಅಂದ್ರೆ ಕೋಳಿಗಳು ಇನ್ನೂ ಮಂಕರಿ ಕೆಳಗೆ ಇರ್ತವೆ. ಬಿಟ್ಟ ಮೇಲೆ ನಾಟಿ ಕೋಳಿ ಹಿಡಿಯೋದು ನಮ್ಮಂಥವರ ಕೈಲಿ ಆಗೋ ಕೆಲಸ ಅಲ್ಲ. ಮಂಕರಿ ಎತ್ತೋದು, ರೆಕ್ಕೆ ಅಗಲಿಸಿ ಹಿಡಿಯೋದು, ರೆಕ್ಕೆ ಬುಡದ ಚರ್ಮದಡಿ ಚುಚ್ಚೋದು, ಬಿಡೋದು. ಎರಡು ತಿಂಗಳೊಳಗಿನ ಮರಿಗಳಿಗೆ ಬೇರೆ ಲಸಿಕೆ, ಕಣ್ಣಿಗೆ ಒಂದು ಹನಿ ಅಷ್ಟೇ. ಮಂಕಾಗಿರೋ ಕೋಳಿಗೆ ಹಾಕಲ್ಲ ಅಂತ ಡಾಕ್ಟ್ರು ಎರಡನ್ನು ವಾಪಸ್ ಕಳಿಸಿದ್ರು. ಲಸಿಕೆ ಆರೋಗ್ಯವಾಗಿರೋದನ್ನು ಕಾಯುತ್ತೆ, ರೋಗ ಬಂದಿದ್ದನ್ನು ವಾಸಿ ಮಾಡಲ್ಲ. ಬಿಸಿಲು ಬರೋ ಹೊತ್ತಿಗೆ ಸೂಜಿ ಬಿದ್ದ ಕೋಳಿ 87. ನಾನು ಟಾರ್ಚ್ ಹಿಡಿದು ಎಣಿಸ್ತಾ ಇದ್ದೆ. ನನ್ನ ಓದಿಗೆ ಅವತ್ತು ಸಿಕ್ಕಿದ್ದು ಆ ಕೆಲಸ.

ಆ ಬೇಸಿಗೆಯಲ್ಲಿ ಅಕ್ಕಪಕ್ಕದ ಊರಲ್ಲಿ ಕೋಳಿ ಸತ್ತ ಸುದ್ದಿ ಬಂತು. ನಮ್ಮ ಬೀದಿಯಲ್ಲಿ ಮೂರು ಹೋದ್ವು. ಮೂರೂ ಅವತ್ತು ಹುಣಸೆ ಮರದ ಮೇಲೆ ಮಲಗಿ ತಪ್ಪಿಸ್ಕೊಂಡವು.

ಇದನ್ನ ಹೇಳಿದಾಗೆಲ್ಲ ಆಫೀಸಿನ ಗೆಳೆಯರು 'ಹಕ್ಕಿ ಜ್ವರನಾ?' ಅಂತ ಕೇಳ್ತಾರೆ. ಅದು ಬೇರೆ. ರಾಣಿಖೇತ್ ಮನುಷ್ಯರಿಗೆ ಬಂದರೆ ಸಾಮಾನ್ಯವಾಗಿ ಕಣ್ಣು ಕೆಂಪಾಗುತ್ತೆ ಅಷ್ಟೇ. ಹಕ್ಕಿ ಜ್ವರ ಹಾಗಲ್ಲ. 2025ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ವರದಹಳ್ಳಿಯಲ್ಲಿ ಅದು ದೃಢಪಟ್ಟಾಗ ಊರಿನ ಉಳಿದ ಕೋಳಿಗಳನ್ನೂ ಕೊಲ್ಲಬೇಕಾಯ್ತು. ಕಷ್ಟ ಏನಂದ್ರೆ ಹಿತ್ತಲಲ್ಲಿ ಸತ್ತು ಬಿದ್ದ ಕೋಳಿ ನೋಡಿ ಇದು ಯಾವುದು ಅಂತ ಹೇಳೋಕಾಗಲ್ಲ, ಲ್ಯಾಬೇ ಹೇಳ್ಬೇಕು. ಅದಕ್ಕೇ ಒಟ್ಟೊಟ್ಟಿಗೆ ಸಾಯ್ತಾ ಇದ್ರೆ ಬರಿಗೈಯಲ್ಲಿ ಮುಟ್ಟಬೇಡಿ, ಸಾರು ಮಾಡಬೇಡಿ, ಮಾರಬೇಡಿ, ಮೊದಲು ಪಶು ಆಸ್ಪತ್ರೆಗೆ ಹೇಳಿ. ಊರಲ್ಲಿ ಇರೋ ನಿಮ್ಮ ಅಮ್ಮನಿಗೂ ಇದೊಂದು ಮಾತು ಫೋನಲ್ಲಿ ಹೇಳಿ.

ಅವ್ವ ಈಗ ಕೊಟ್ಟಿಗೆಯ ಆಚೆ ತುದಿಯಲ್ಲಿ ಒಂದು ಮಂಕರಿ ಬೇರೆ ಇಟ್ಟಿದ್ದಾಳೆ. ಹೊಸದಾಗಿ ಬಂದ ಕೋಳಿ ಮೂರು ವಾರ ಅದರ ಕೆಳಗೆ. ಅದಕ್ಕೆ ಬೇರೆ ನೀರಿನ ತಟ್ಟೆ, ನುಚ್ಚು ಹಾಕೋದು ಉಳಿದವಕ್ಕೆಲ್ಲ ಹಾಕಿದ ಮೇಲೆ. ಕಡೇ ಸಲ ಊರಿಗೆ ಹೋದಾಗ ನಾನು ನೇರ ಹಿತ್ತಲಿಗೆ ನುಗ್ತಾ ಇದ್ದೆ. ಅವ್ವ ತಡೆದು ಬಕೆಟ್ ಮುಂದಿಟ್ಟಳು. 'ಚಪ್ಲಿ ಅಲ್ಲೇ ಬುಡು. ಕಾಲು ತೊಳ್ಕಂಡು ಬಾ.'

'ನನಗೂ ಮೂರು ವಾರ ಮಂಕರಿ ಹಾಕ್ತೀಯಾ ಅವ್ವ?' ಅಂದೆ.

ಹುಂಜದ ವಿಷಯದಲ್ಲಿ ಅವ್ವ ಅಲ್ಲೀವರೆಗೂ ಒಂದು ದಿನ ನನ್ನ ಕಡೆ ಬೊಟ್ಟು ಮಾಡಿರಲಿಲ್ಲ. ಅವತ್ತು ನುಚ್ಚು ಎರಚ್ತಾ, ತಲೆ ಎತ್ತದೇನೇ ಅಂದಳು:

'ಅವತ್ತೇ ಹಾಕ್ಬೇಕಿತ್ತು ಕಣ್ಲಾ.'

ಪಕ್ಕದ ಹಿತ್ತಲಿಂದ ಅತ್ತೆ ನಕ್ಕಿದ್ದು ಕೇಳಿಸ್ತು.